ಗ್ರಂಧಿಗೆ ಅಂಗಡಿಯಲ್ಲಿ ಉಳಿದ ‘ಚಿನ್ನಿ’

ಯಶವಂತಪುರದ ಮಾರುಕಟ್ಟೆಯಲ್ಲಾಗಲಿ ಹಳೇ ಯಲಹಂಕದ ಪೇಟೆಯಲ್ಲಾಗಲಿ, ಗ್ರಂಧಿಗೆ ಅಂಗಡಿಯ ಮುಂದೆ ನಿಂತು ಡಬ್ಬಗಳ ಹೆಸರು ಕೇಳುತ್ತ ಹೋದರೆ ಒಂದೇ ಬಾಲ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ದಾಲ್ಚಿನ್ನಿ, ರೇವಲ್ಚಿನ್ನಿ, ಚೋಪ್‌ಚೀನಿ, ಕಬಾಬ್‌ಚೀನಿ. ಮೊದಲನೆಯದು ತೊಗಟೆ, ನಡುವಿನವೆರಡು ಬೇರು, ಕೊನೆಯದು ಮೆಣಸಿನಂಥ ಕಾಳು. ನಾಲ್ಕೂ ಬೇರೆ ಬೇರೆ ಕುಲದ ಗಿಡಗಳು. ಅವನ್ನು ಒಂದು ಮನೆತನಕ್ಕೆ ಸೇರಿಸಿರುವುದು ಆ ‘ಚಿನ್ನಿ’ ಮಾತ್ರ. ಕನ್ನಡದ ಕಿವಿಗೆ ಅದು ಚಿನ್ನಿದಾಂಡಿನ ಚಿನ್ನಿಯಂತೆ, ಮೋಟು ಕಡ್ಡಿಯೊಂದರ ಹೆಸರಿನಂತೆ ಕೇಳುತ್ತದೆ. ನಿಜವಾಗಿ ಅದು ಒಂದು ದೇಶದ ಹೆಸರು. ಚೀನಿ ಎಂದರೆ ಚೀನಾದ್ದು.

ಚೀನಾದ ಮೂಲಿಕೆ ಎಂದರೆ ಎಲ್ಲೋ ದೂರದ, ಚಿತ್ರಲಿಪಿಯ ಪೊಟ್ಟಣದಲ್ಲಿ ಬರುವ ವಸ್ತು ಎಂದು ನಾವು ಅಂದುಕೊಳ್ಳುತ್ತೇವೆ. ಅವು ಕೆಲವು ನೂರು ವರ್ಷಗಳಿಂದ ನಮ್ಮ ಒಗ್ಗರಣೆ ಡಬ್ಬದಲ್ಲೇ ಇವೆ. ನೆಗಡಿಗೆ, ಹೊಟ್ಟೆಯುಬ್ಬರಕ್ಕೆ, ಮಳೆಗಾಲದ ಬೆಳಗಿನ ಕಷಾಯಕ್ಕೆ ಅವನ್ನು ಹಾಕುತ್ತಲೇ ಬಂದಿದ್ದೇವೆ. ಅವುಗಳ ಜೊತೆ ಬಂದ ಪದ ಮಾತ್ರ ಸವೆದು, ಯಾರ ಗಮನಕ್ಕೂ ಬಾರದಷ್ಟು ಮನೆಯದಾಗಿದೆ.

ಮೊದಲು ಅಂಗಡಿಯ ಹೆಸರನ್ನೇ ನೋಡೋಣ. ಬೋರ್ಡುಗಳಲ್ಲಿ ‘ಗ್ರಂಧಿಗೆ’, ‘ಗ್ರಂಥಿಗೆ’ ಎಂದೆಲ್ಲ ಬರೆದಿರುತ್ತಾರೆ. ಗ್ರಂಥಕ್ಕೂ ಈ ಅಂಗಡಿಗೂ ಸಂಬಂಧವಿಲ್ಲ. ಸಂಸ್ಕೃತದ ‘ಗಾಂಧಿಕ’ ಎಂದರೆ ಗಂಧದ್ರವ್ಯ ಮಾರುವವನು. ಗುಜರಾತಿನ ಕಡೆ ಅದು ‘ಗಾಂಧಿ’ ಎಂಬ ಮನೆತನದ ಹೆಸರಾಯಿತು, ಕನ್ನಡದಲ್ಲಿ ‘ಗಂದಿಗ’ ಆಯಿತು. ನಡುವೆ ಒಂದು ‘ರ’ ಒತ್ತು ನುಸುಳಿ ಪದಕ್ಕೆ ಪಾಂಡಿತ್ಯದ ಕಳೆ ಬಂತು. ಪರಿಮಳ ಮತ್ತು ಔಷಧ ಒಂದೇ ಗಲ್ಲೆಯಲ್ಲಿ ಮಾರಾಟವಾಗುತ್ತಿದ್ದ ಕಾಲದ ಗುರುತು ಅದು. ಇವತ್ತಿಗೂ ಆ ಅಂಗಡಿಗಳಲ್ಲಿ ಸಾಂಬ್ರಾಣಿಯ ಪಕ್ಕದಲ್ಲೇ ಅತಿಮಧುರ, ಪಚ್ಚಕರ್ಪೂರದ ಪಕ್ಕದಲ್ಲೇ ಹಿಪ್ಪಲಿ.

ಈಗ ದಾಲ್ಚಿನ್ನಿ. ಪಾರಸಿಯಲ್ಲಿ ‘ದಾರ್’ ಎಂದರೆ ಮರ, ಕಟ್ಟಿಗೆ. ‘ದಾರ್‌ಚೀನೀ’ ಎಂದರೆ ಚೀನಾದ ಮರ. ಅರಬ್ಬರ ಬಾಯಲ್ಲಿ ದಾರ್‌ಸೀನೀ, ಹಿಂದಿ ಮರಾಠಿಗಳಲ್ಲಿ ‘ರ’ ಹೋಗಿ ‘ಲ’ ಬಂದು ದಾಲ್‌ಚೀನಿ. ಕನ್ನಡಕ್ಕೆ ಬರುವಾಗ ‘ಚೀ’ಯ ದೀರ್ಘ ಕುಗ್ಗಿ, ಕಳೆದದ್ದನ್ನು ತುಂಬಿಕೊಡುವಂತೆ ‘ನ’ಕಾರ ಇಮ್ಮಡಿಯಾಯಿತು. ಬಹಮನಿಗಳ, ಆದಿಲ್‌ಶಾಹಿಗಳ ಆಡಳಿತದಲ್ಲಿ ಪಾರಸಿ ಪದಗಳು ಕನ್ನಡಕ್ಕೆ ಧಾರಾಳವಾಗಿ ಬಂದವು. ಬೆಂಗಳೂರು 1638ರಿಂದ ಸುಮಾರು ಅರ್ಧ ಶತಮಾನ ಬಿಜಾಪುರದ ಕೈಯಲ್ಲೇ ಇತ್ತು. ಕಚೇರಿಯ ಪದಗಳು ಅಮಲ್ದಾರರ ಮೂಲಕ ಬಂದರೆ, ಮದ್ದಿನ ಪದಗಳು ಹಕೀಮರ ಮೂಲಕ, ಸಾಂಬಾರ ವ್ಯಾಪಾರಿಗಳ ಮೂಲಕ ಬಂದವು ಎಂದು ನನಗನ್ನಿಸುತ್ತದೆ.

ಪದ ಬರುವ ಮೊದಲೇ ವಸ್ತು ನಮ್ಮಲ್ಲಿತ್ತು. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ‘ತ್ವಕ್’ ಎನ್ನುತ್ತವೆ, ಬರೀ ‘ಸಿಪ್ಪೆ’. ನಮ್ಮ ಅಡುಗೆಮನೆಯ ‘ಚಕ್ಕೆ’ಯೂ ಅದೇ ಅರ್ಥದ್ದು. ‘ಚಕ್ಕೆ ಲವಂಗ’ ಎಂದು ಜೋಡಿಯಾಗಿ ಹೇಳುವಾಗ ಮರದಿಂದ ಸುಲಿದ ಹೊಪ್ಪಳೆಯೇ ಕಣ್ಣೆದುರಿಗಿರುತ್ತದೆ. ಸಂಸ್ಕೃತಕ್ಕೂ ಕನ್ನಡಕ್ಕೂ ಕಂಡದ್ದು ವಸ್ತುವಿನ ರೂಪ. ಪಾರಸಿಗೆ ಕಂಡದ್ದು ಅದು ಬಂದ ದಿಕ್ಕು.

16ನೇ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ದಲ್ಲಿ ಇದಕ್ಕೆ ‘ದಾರುಸಿತಾ’ ಎಂಬ ಇನ್ನೊಂದು ಹೆಸರಿದೆ. ದಾರು ಎಂದರೆ ಮರ, ಸಿತಾ ಎಂದರೆ ಸಕ್ಕರೆ. ಮರದ ಸಕ್ಕರೆ! ತೊಗಟೆ ಸಿಹಿಯಾಗಿರುವುದರಿಂದ ಹೆಸರು ಹೊಂದುತ್ತದೆ. ಆದರೆ ಇದರ ಹಿಂದೆ ದಾರ್‌ಚೀನೀ ನಿಂತಿದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಉತ್ತರದಲ್ಲಿ ‘ಚೀನಿ’ ಎಂದರೆ ಸಕ್ಕರೆಯೂ ಹೌದು. ಆ ಮಾತೂ ಚೀನಾದ ಹೆಸರಿನಿಂದಲೇ ಹುಟ್ಟಿದ್ದು. ದೇಶದ ಹೆಸರನ್ನು ಸಕ್ಕರೆ ಎಂದು ಕೇಳಿಸಿಕೊಂಡವರು ಯಾರೋ ಅದನ್ನು ಅಚ್ಚುಕಟ್ಟಾಗಿ ಸಂಸ್ಕೃತಕ್ಕೆ ಇಳಿಸಿದರು.

‘ಚೀನ’ ಎಂಬ ಪದ ನಮಗೆ ಪಾರಸಿಗಿಂತ ಬಹಳ ಹಿಂದಿನದು. ಕ್ರಿಸ್ತಪೂರ್ವ 221ರಲ್ಲಿ ಆ ದೇಶವನ್ನು ಒಂದುಗೂಡಿಸಿದ ಚಿನ್ ಮನೆತನದಿಂದ ಹೆಸರು ಬಂತು ಎನ್ನುವವರು ಹೆಚ್ಚು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಚೀನಪಟ್ಟ’, ಅಂದರೆ ರೇಷ್ಮೆ, ಬರುತ್ತದೆ. ನಮ್ಮ ಹಳಗನ್ನಡ ಕಾವ್ಯಗಳ ಅರಸರೂ ಚೀನಾಂಬರ ಉಡುತ್ತಾರೆ. 7ನೇ ಶತಮಾನದಲ್ಲಿ ಬಂದ ಷ್ವಾನ್‌ಝಾಂಗ್, ನಾವು ಹ್ಯೂಯೆನ್‌ತ್ಸಾಂಗ್ ಎಂದು ಓದಿದ ಯಾತ್ರಿಕ, ಪಂಜಾಬಿನ ಕಡೆ ಪೀಚ್ ಹಣ್ಣಿಗೆ ‘ಚೀನನೀ’ ಎಂದೂ ಪೇರ್ ಹಣ್ಣಿಗೆ ‘ಚೀನರಾಜಪುತ್ರ’ ಎಂದೂ ಹೆಸರಿದ್ದುದನ್ನು ಬರೆದಿಟ್ಟಿದ್ದಾನೆ. ಕಾಲ ಕಳೆದಂತೆ ಪದದ ಅರ್ಥ ಸಡಿಲವಾಯಿತು. ಕನ್ನಡದಲ್ಲಿ ಸಿಹಿಗುಂಬಳಕ್ಕೆ ‘ಚೀನಿಕಾಯಿ’ ಎನ್ನುವ ರೂಢಿಯಿದೆ. ಆ ಬಳ್ಳಿಯ ತವರು ಅಮೆರಿಕ ಖಂಡ. ಚೀನಾಕ್ಕೂ ಅದು ಹೊರಗಿನಿಂದಲೇ ಹೋದದ್ದು. ಹಡಗಿನಲ್ಲಿ ಬಂದದ್ದು, ಹೊಸದು, ನಮ್ಮದಲ್ಲದ್ದು: ಇಷ್ಟನ್ನು ಹೇಳಲು ‘ಚೀನಿ’ ಸಾಕಾಗುತ್ತಿತ್ತು.

ದಿನಬಳಕೆಗೆ ಚಕ್ಕೆ ಕೊಳ್ಳುವವರಿಗೆ ಈ ಸಡಿಲತೆ ಬರಿಯ ಪದದ ವಿಚಾರವಲ್ಲ. ಗ್ರಂಧಿಗೆ ಅಂಗಡಿಯಲ್ಲಿ ‘ಶೆಟ್ಟರೇ, ನೂರು ಗ್ರಾಂ ಚಕ್ಕೆ ಕೊಡಿ’ ಎಂದರೆ ಸಾಮಾನ್ಯವಾಗಿ ಸಿಗುವುದು ಕ್ಯಾಸಿಯಾ. ದಕ್ಷಿಣ ಚೀನಾದ ಗುವಾಂಗ್‌ಷಿ, ಗುವಾಂಗ್‌ಡಾಂಗ್ ಸೀಮೆಯ ಮರ ಅಥವಾ ಅದರ ಹತ್ತಿರದ ಬಂಧುವಿನ ತೊಗಟೆ. ದಪ್ಪ, ಗಟ್ಟಿ, ಕೆಂಗಂದು, ಒಂದೇ ಪದರ ಒಳಕ್ಕೆ ಬಾಗಿರುತ್ತದೆ. ಮುರಿದರೆ ‘ಟಕ್’ ಎನ್ನುತ್ತದೆ, ಅಗಿದರೆ ಖಾರ. ಶ್ರೀಲಂಕಾದ ಮರದ ತೊಗಟೆ ಬೇರೆ: ತೆಳು ಕಂದು, ಕಾಗದದಂಥ ಪದರಗಳನ್ನು ಒಂದರೊಳಗೊಂದು ಸುತ್ತಿದ ಕೊಳವೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಸಿಹಿ ಮುಂದೆ, ಖಾರ ಹಿಂದೆ. ನಮ್ಮ ಆಹಾರ ಸುರಕ್ಷತೆಯ 2011ರ ನಿಯಮಾವಳಿ ಇವೆರಡಕ್ಕೂ ಬೇರೆ ಬೇರೆ ಗುಣಮಟ್ಟ ಬರೆದಿದೆ. ಅದರಲ್ಲಿ ಶ್ರೀಲಂಕಾದ ಜಾತಿಗೆ ‘ದಾಲ್ಚಿನ್ನಿ’ ಎಂದು ಹೆಸರು, ಚೀನಾದ ಜಾತಿಗೆ ‘ತಜ್’. ತಜ್ ಎಂದರೆ ನಮ್ಮದೇ ‘ತ್ವಚ್’ ಗುಜರಾತಿನಲ್ಲಿ ಸವೆದ ರೂಪ! ‘ಚೀನಾದ ಮರ’ ಎಂಬ ಹೆಸರು ಲಂಕೆಯ ಮರಕ್ಕೆ ಹೋಯಿತು, ಸಂಸ್ಕೃತದ ‘ಸಿಪ್ಪೆ’ ಚೀನಾದ ಮರಕ್ಕೆ ಬಂತು. ಹೆಸರುಗಳು ಇಷ್ಟು ಪೂರ್ತಿಯಾಗಿ ಮನೆ ಬದಲಿಸಿಕೊಂಡ ಇನ್ನೊಂದು ಉದಾಹರಣೆ ನನಗೆ ತಕ್ಷಣ ಹೊಳೆಯುತ್ತಿಲ್ಲ.

ಎರಡರ ವ್ಯತ್ಯಾಸ ರುಚಿಗೆ ನಿಲ್ಲುವುದಿಲ್ಲ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚು, ಲಂಕೆಯದರಲ್ಲಿ ಅತ್ಯಲ್ಪ. ಕೂಮರಿನ್ ಅತಿಯಾದರೆ ಕೆಲವರ ಯಕೃತ್ತಿಗೆ ಪೆಟ್ಟಾಗುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ನಿಗದಿಪಡಿಸಿದ ದಿನದ ಮಿತಿ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. ಜರ್ಮನಿಯ ಅಪಾಯ ಅಂದಾಜು ಸಂಸ್ಥೆಯ ಲೆಕ್ಕದಲ್ಲಿ 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 2 ಗ್ರಾಂ ಕ್ಯಾಸಿಯಾ ಪುಡಿ. ಪಲಾವಿಗೆ ಹಾಕುವ ಒಂದು ಚೂರಿನಿಂದ ಭಯವೇನೂ ಇಲ್ಲ. ಆದರೆ ‘ಸಕ್ಕರೆ ಕಾಯಿಲೆಗೆ ಒಳ್ಳೆಯದು’ ಎಂದು ಯಾರೋ ಹೇಳಿದ ಮಾತು ಕೇಳಿ ಹೆಬ್ಬಾಳದ ಕೆರೆ ಸುತ್ತಿ ಬಂದು ದಿನವೂ ಒಂದು ಚಮಚ ಪುಡಿ ನುಂಗುವವರು ಆ ಪುಡಿ ಯಾವ ಮರದ್ದು ಎಂದು ಕೇಳಲೇಬೇಕು. ಪುಡಿಯಾದ ಮೇಲೆ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಚಕ್ಕೆಯನ್ನು ಇಡಿಯಾಗಿ ಕೊಂಡು ಮನೆಯಲ್ಲಿ ಕುಟ್ಟಿಕೊಳ್ಳುವುದು ಕ್ಷೇಮ. ಯಕೃತ್ತಿನ ತೊಂದರೆಯಿರುವವರು, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ವೈದ್ಯರನ್ನು ಕೇಳದೆ ಇದನ್ನು ನಿತ್ಯದ ಮದ್ದು ಮಾಡಿಕೊಳ್ಳಬಾರದು.

ಈ ಮನೆತನದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಚೋಪ್‌ಚೀನಿ. ಪಾರಸಿಯಲ್ಲಿ ‘ಚೋಬ್’ ಎಂದರೂ ಕಟ್ಟಿಗೆಯೇ. ‘ಚೋಬ್-ಎ-ಚೀನೀ’, ಚೀನಾದ ಕಟ್ಟಿಗೆ. ಸ್ಮೈಲ್ಯಾಕ್ಸ್ ಕುಲದ ಮುಳ್ಳುಬಳ್ಳಿಯ ಗಡ್ಡೆಬೇರು; ಒಣಗಿದ ತುಂಡು ಮಾಸಲು ಗುಲಾಬಿ ಬಣ್ಣ, ಕೈಗೆ ಭಾರ, ವಾಸನೆಯಿಲ್ಲ, ರುಚಿ ಹೆಚ್ಚುಕಡಿಮೆ ಸಪ್ಪೆ. 1535ರ ಸುಮಾರಿಗೆ ಇದು ಚೀನಾದಿಂದ ಗೋವೆಗೆ ಬಂದು ಹೆಸರಾಯಿತು ಎಂದು ಅಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಬರೆದಿದ್ದಾನೆ. 1563ರಲ್ಲಿ ಗೋವೆಯಲ್ಲೇ ಅಚ್ಚಾದ ಅವನ ಪುಸ್ತಕದಲ್ಲಿ ಈ ಬೇರಿಗೆ ಒಂದು ಇಡೀ ಸಂವಾದ ಮೀಸಲು. ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಪೇಟೆ ಕಟ್ಟಿಸಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಪಶ್ಚಿಮದ ಬಂದರಿನಲ್ಲಿ ಹೊಸ ಬೇರು ಇಳಿಯುತ್ತಿದ್ದಾಗ ಪೂರ್ವದ ಬಯಲಲ್ಲಿ ಅದು ಮುಂದೆ ಮಾರಾಟವಾಗಲಿರುವ ಬೀದಿಗಳ ಗೆರೆ ಎಳೆಯಲಾಗುತ್ತಿತ್ತು.

ಈ ಬೇರಿಗೆ ಅಷ್ಟು ಬೇಡಿಕೆ ಬಂದದ್ದು ಅದೇ ಹಡಗುಗಳು ತಂದ ಇನ್ನೊಂದು ಸರಕಿನಿಂದ. ಪೋರ್ಚುಗೀಸರ ಜೊತೆ ಬಂದ ಸಿಫಿಲಿಸ್ ರೋಗಕ್ಕೆ ಭಾವಮಿಶ್ರ ‘ಫಿರಂಗ ರೋಗ’ ಎಂದು ಹೆಸರಿಟ್ಟ, ಅದಕ್ಕೆ ಮದ್ದಾಗಿ ಈ ಬೇರನ್ನು ಹೇಳಿದ. ಅವನು ಬೇರಿಗೆ ಕೊಟ್ಟ ಹೆಸರು ‘ದ್ವೀಪಾಂತರ ವಚಾ’, ಬೇರೆ ದ್ವೀಪದ ಬಜೆ. ತಮಿಳರು ಇದನ್ನು ಪರಂಗಿಪಟ್ಟೆ, ಪರಂಗಿಚಕ್ಕೈ ಎಂದರು. ತೆಲುಗಿನಲ್ಲೂ ಫಿರಂಗಿ ಚೆಕ್ಕ. ಈ ಎರಡೂ ನುಡಿ ಕನ್ನಡದೊಂದಿಗೆ ಬೆರೆತ ನಮ್ಮೂರಲ್ಲಿ ‘ಪರಂಗಿ ಚಕ್ಕೆ’ ಎಂದು ಕೇಳಿದರೂ ಅದೇ ಡಬ್ಬ ಕೆಳಗಿಳಿಯುತ್ತದೆ. ಪಾರಸಿಯ ಹಕೀಮನಿಗೆ ಅದು ಚೀನಾದ್ದು, ದಕ್ಷಿಣದ ಗಿರಾಕಿಗೆ ಪರಂಗಿಯವರದ್ದು, ಸಂಸ್ಕೃತ ಪಂಡಿತನಿಗೆ ಕಡಲಾಚೆಯದ್ದು. ಬೆಳೆದ ಮಣ್ಣಿಗಿಂತ ತಂದು ಕೊಟ್ಟ ಕೈಯೇ ಹೆಸರಿನಲ್ಲಿ ಉಳಿಯುತ್ತದೆ ಎನ್ನಲು ಈ ಒಂದು ಬೇರು ಸಾಕು.

ಯುರೋಪಿನಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ತನ್ನ ಸಂಧಿವಾತಕ್ಕೆ ಇದರ ಕಷಾಯ ಕುಡಿದ. ಅಂಗರಚನಾಶಾಸ್ತ್ರದ ವೆಸಾಲಿಯಸ್ 1546ರಲ್ಲಿ ಇದರ ಮೇಲೊಂದು ಪತ್ರವನ್ನೇ ಪ್ರಕಟಿಸಿದ. ಚೀನಾದಲ್ಲಿ ಇದರ ಹತ್ತಿರದ ಬಂಧು ‘ತುಫುಲಿಂಗ್’ ಇವತ್ತಿಗೂ ದಕ್ಷಿಣದ ಮನೆಗಳಲ್ಲಿ ಸೆಕೆಗಾಲದ ಸೂಪಿಗೆ ಬೀಳುತ್ತದೆ. ಮದ್ದಿನ ಗಂಭೀರ ಹೊರೆಯನ್ನೆಲ್ಲ ಇಳಿಸಿ ಅಲ್ಲಿ ಅದು ಊಟವಾಗಿದೆ. ಸಿಫಿಲಿಸ್‌ಗೆ ಈಗ ಪೆನಿಸಿಲಿನ್ ಇದೆ, ಬೇರಿನ ಅಗತ್ಯವಿಲ್ಲ.

ರೇವಲ್ಚಿನ್ನಿಯ ಬಗ್ಗೆ ಎಚ್ಚರಿಕೆಯೇ ಹೆಚ್ಚು. ಪಾರಸಿಯ ‘ರೇವಂದ್-ಎ-ಚೀನೀ’. ಚೀನೀ ವೈದ್ಯದಲ್ಲಿ ಇದು ‘ದಾಹುವಾಂಗ್’, ಅಂದರೆ ದೊಡ್ಡ ಹಳದಿ. ಬೇರನ್ನು ಕತ್ತರಿಸಿದರೆ ಹೆಸರಿನ ಕಾರಣ ತಿಳಿಯುತ್ತದೆ. ಇದು ಭೇದಿಯ ಮದ್ದು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಷು ಅಫೀಮು ವ್ಯಾಪಾರ ನಿಲ್ಲಿಸಿ ಎಂದು ವಿಕ್ಟೋರಿಯಾ ರಾಣಿಗೆ ಬರೆದ ಪತ್ರದಲ್ಲಿ, ನಮ್ಮ ಚಹಾ ಮತ್ತು ಈ ಬೇರು ಇಲ್ಲದೆ ನಿಮ್ಮವರು ಬದುಕಲಾರರು ಎಂಬ ಅರ್ಥದ ಮಾತಿದೆ. ನಮ್ಮ ಅಂಗಡಿಗಳಿಗೆ ಬರುವುದು ಬಹುಪಾಲು ಹಿಮಾಲಯದ ಜಾತಿ. ಬೆಟ್ಟ ಬದಲಾದರೂ ‘ಚಿನ್ನಿ’ ಬಿಟ್ಟುಹೋಗಲಿಲ್ಲ. ನಿತ್ಯದ ಆರೋಗ್ಯಕ್ಕೆಂದು ಇದನ್ನು ಮನೆಯಲ್ಲಿ ಕುದಿಸಬಾರದು.

ಕಬಾಬ್‌ಚೀನಿ ಜಾವಾ ದ್ವೀಪದ್ದು. ಕನ್ನಡ ಇದಕ್ಕೆ ತನ್ನದೇ ಹೆಸರಿಟ್ಟಿದೆ: ಬಾಲಮೆಣಸು. ಕಾಳಿಗೆ ಅಂಟಿದ ಪುಟ್ಟ ತೊಟ್ಟನ್ನು ನೋಡಿ ಇಟ್ಟ ಹೆಸರು. ಗಿರಾಕಿಗೆ ಇದಕ್ಕಿಂತ ಒಳ್ಳೆಯ ಗುರುತು ಬೇಡ, ಬಾಲ ಇಲ್ಲದಿದ್ದರೆ ಅದು ಕರಿಮೆಣಸು. ಇನ್ನು ಚಕ್ರಮೊಗ್ಗು, ಅನಾನಸ್ ಹೂ ಎಂದು ಕರೆಯುವ ಎಂಟು ಎಸಳಿನ ಕಾಯಿ ನಿಜವಾಗಿ ಚೀನಾದ್ದು, ಗುವಾಂಗ್‌ಷಿಯದ್ದು. ಅದರ ಕನ್ನಡ ಹೆಸರಿನಲ್ಲಿ ಚಿನ್ನಿಯ ಸುಳಿವೂ ಇಲ್ಲ. ಕೊಳ್ಳುವಾಗ ಎಸಳುಗಳು ತುಂಬಿಕೊಂಡು ಸಮವಾಗಿರಬೇಕು, ಮುರಿದರೆ ಸೋಂಪಿನ ಘಮ ಬರಬೇಕು. ಜಪಾನಿನಲ್ಲಿ ಇದನ್ನೇ ಹೋಲುವ ವಿಷದ ಜಾತಿಯೊಂದಿದೆ. ಅದು ಬೆರೆಯುವ ಅಪಾಯದಿಂದಾಗಿ 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಮೊಗ್ಗಿನ ಚಹಾದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹಸುಗೂಸುಗಳ ಹೊಟ್ಟೆನೋವಿಗೆ ಇದರ ನೀರು ಕುಡಿಸುವ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು.

ಕೊಂಡದ್ದಾಯಿತು, ಇನ್ನು ಕುದಿಸುವುದು. ಚೀನಾದ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯ ಕ್ರಿಸ್ತಶಕ 200ರ ಆಸುಪಾಸಿನಲ್ಲಿ ಬರೆದ ‘ಶಾಂಗ್ ಹಾನ್ ಲುನ್’ ಗ್ರಂಥದಲ್ಲಿ ‘ಗುಯಿಝಿ ತಾಂಗ್’ ಎಂಬ ಮದ್ದಿದೆ, ಚಳಿಜ್ವರದ ಮೊದಲ ಹಂತಕ್ಕೆ. ದಾಲ್ಚಿನ್ನಿ ಮರದ ಎಳೆ ಕೊಂಬೆ, ಪಿಯೋನಿ ಬೇರು, ಶುಂಠಿ, ಅತಿಮಧುರ, ಒಂದು ಜಾತಿಯ ಎಲಚಿ ಹಣ್ಣು. ಏಳು ಪಾಲು ನೀರನ್ನು ಸಣ್ಣ ಉರಿಯಲ್ಲಿ ಮೂರು ಪಾಲಿಗೆ ಇಳಿಸಿ, ಕುಡಿದು, ಸ್ವಲ್ಪ ಹೊತ್ತಿನ ಮೇಲೆ ಬಿಸಿ ಗಂಜಿ ಕುಡಿದು ಹೊದ್ದು ಮಲಗಿ ಬೆವರಬೇಕು. ಐದರಲ್ಲಿ ಮೂರು ನಮ್ಮ ಗ್ರಂಧಿಗೆ ಅಂಗಡಿಯವೇ. ಗಂಜಿ, ಕಂಬಳಿ ಮನೆಯಲ್ಲೇ ಇವೆ. ‘ತಾಂಗ್’ ಎಂದರೆ ಚೀನೀ ಮಾತಿನಲ್ಲಿ ಸಾರೂ ಹೌದು, ಕಷಾಯವೂ ಹೌದು. ನೆಗಡಿಯಾದಾಗ ನಾವು ಮಾಡುವ ಮೆಣಸಿನ ಸಾರು ಕೂಡ ಅಂಥದ್ದೇ ನಡುವಿನ ಜಾಗದಲ್ಲಿದೆ.

ನಮ್ಮ ಶಾರ್ಙ್ಗಧರ ಸಂಹಿತೆಯ ಅಳತೆ ಇನ್ನೂ ಗಟ್ಟಿ: ಒಂದು ಪಾಲು ಜಜ್ಜಿದ ಮದ್ದಿಗೆ ಹದಿನಾರು ಪಾಲು ನೀರು, ಮಣ್ಣಿನ ಮಡಕೆ, ಎಂಟನೇ ಒಂದು ಪಾಲಿಗೆ ಇಳಿಯುವ ತನಕ ಕುದಿ. ಇದು ಗಟ್ಟಿ ಬೇರಿಗೆ, ಮರದ ತುಂಡಿಗೆ ಸರಿ. ಚಕ್ಕೆಗೆ ಸಲ್ಲದು. ಚಕ್ಕೆಯ ಸತ್ವ ಇರುವುದು ಅದರ ಎಣ್ಣೆಯಲ್ಲಿ. ಬಹಳ ಹೊತ್ತು ಕುದಿಸಿದರೆ ಎಣ್ಣೆ ಆವಿಯಾಗಿ ಅಡುಗೆಮನೆಗೆ ಘಮ ಸಿಗುತ್ತದೆ, ಲೋಟಕ್ಕೆ ಒಗರು. ಅದೇ ಗ್ರಂಥ ಇಂಥವಕ್ಕೆ ‘ಫಾಂಟ’ ಎಂಬ ಇನ್ನೊಂದು ವಿಧಾನ ಹೇಳುತ್ತದೆ: ಮದ್ದನ್ನು ಬಿಸಿನೀರಿಗೆ ಹಾಕಿ, ಬಿಟ್ಟು, ಹಿಸುಕಿ, ಸೋಸುವುದು. ಚೀನಾದವರೂ ಘಮದ ಮೂಲಿಕೆಗಳನ್ನು ಮಡಕೆಗೆ ಕೊನೆಯಲ್ಲೇ ಹಾಕುತ್ತಾರೆ. ಹಕೀಮರ ‘ಜೋಶಾಂದಾ’ ಎಂದರೆ ಕುದಿಸಿದ್ದು, ‘ಖೇಸಾಂದಾ’ ಎಂದರೆ ನೆನೆಸಿದ್ದು. ಆರ್.ಟಿ. ನಗರ, ಜೆ.ಸಿ. ನಗರದ ಕಡೆ ಉರ್ದು ಮನೆಮಾತಿನವರಿಗೆ ಜೋಶಾಂದಾ ಪರಿಚಿತ ಪದ. ಮೂರು ಪದ್ಧತಿಗಳೂ ಹೇಳುವುದು ಒಂದನ್ನೇ. ಆದ್ದರಿಂದ ಮೊದಲು ಜಜ್ಜಿದ ಶುಂಠಿ, ಅತಿಮಧುರ ಸಣ್ಣ ಉರಿಯಲ್ಲಿ ಕುದಿಯಲಿ. ಒಲೆ ಆರಿಸಿದ ಮೇಲೆ ಕುಟ್ಟಿದ ಚಕ್ಕೆ ಹಾಕಿ ಮುಚ್ಚಳ ಮುಚ್ಚಿ. ರಕ್ತದೊತ್ತಡ ಇರುವವರಿಗೆ ಅತಿಮಧುರ ಬೇಡ, ಅದು ಒತ್ತಡ ಏರಿಸುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಒಗರಿನ ಮದ್ದು ಕುದಿಸಬೇಡಿ, ಕಪ್ಪಾಗುತ್ತದೆ.

ಮತ್ತೆ ಹೆಸರುಗಳ ವಿಚಾರಕ್ಕೆ ಬರೋಣ. ಯಲಹಂಕದ ಆಚೆ ಜಾರಕಬಂಡೆ ಕಾವಲಿನಲ್ಲಿ, 1993ರಲ್ಲಿ ಕೆಲಸ ಶುರುಮಾಡಿದ, ಮದ್ದಿನ ಗಿಡಗಳ ಅಧ್ಯಯನದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಇದೆ. ಅದರಿಂದ ಬೆಳೆದ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯವೂ ಅಲ್ಲೇ. ಮದ್ದಿನ ಗಿಡಗಳ ಒಣ ಮಾದರಿಗಳ ಜೊತೆಗೆ ಅವಕ್ಕೆ ಬೇರೆ ಬೇರೆ ಭಾಷೆಗಳಲ್ಲಿರುವ ಹೆಸರುಗಳನ್ನೂ ಅಲ್ಲಿ ಕೂಡಿಸಿಡುತ್ತಾರೆ. ಅಷ್ಟು ಶ್ರಮ ಬೇಕಾಗಿರುವುದು ಏಕೆಂದರೆ ಒಂದು ಹೆಸರಿಗೆ ಹಲವು ಗಿಡಗಳಿವೆ. ‘ರಾಸ್ನಾ’ ಎಂದರೆ ಉತ್ತರದಲ್ಲಿ ಒಂದು, ನಮ್ಮಲ್ಲಿ ದುಂಪರಾಸ್ಮೆ ಎಂಬ ಶುಂಠಿಯ ಬಂಧು. ಸಂಸ್ಥೆಯ ಡಿ.ಕೆ. ವೇದ್ ಮತ್ತು ಜಿ.ಎಸ್. ಗೊರಾಯ ಮಾಡಿದ ಅಧ್ಯಯನ ದೇಶದಲ್ಲಿ ವ್ಯಾಪಾರವಾಗುವ 960 ಜಾತಿಯ ಮದ್ದಿನ ಗಿಡಗಳನ್ನು ಪಟ್ಟಿಮಾಡಿತು. ಅಷ್ಟು ಗಿಡಗಳು ಚೀಲಗಳಲ್ಲಿ ಊರೂರು ತಿರುಗುವಾಗ ಗುರುತಿಗೆಂದು ಹೆಚ್ಚಾಗಿ ಜೊತೆಗಿರುವುದು ಒಂದು ಮಾತು, ಅದೂ ಕೇಳಿದವರ ಕಿವಿಗೆ ತಕ್ಕಂತೆ ಬದಲಾಗುವ ಮಾತು.

ಈಗ ಯಲಹಂಕ ಉಪನಗರದ, ಹೆಬ್ಬಾಳದ ಸೂಪರ್‌ಮಾರ್ಕೆಟ್ಟುಗಳಲ್ಲಿ ಲಂಕೆಯ ತೊಗಟೆಯನ್ನು ಬೇರೆ ಪೊಟ್ಟಣದಲ್ಲಿ ಇಡುತ್ತಾರೆ, ಬೆಲೆಯೂ ಹೆಚ್ಚು. ಗಿರಾಕಿಗಳು ಅದನ್ನು ‘ಸಿಲೋನ್ ಚಕ್ಕೆ’ ಎಂದು ಕೇಳುತ್ತಾರೆ. ಸಿಲೋನ್ ಎಂಬ ಹೆಸರನ್ನು ಆ ದೇಶ 1972ರಲ್ಲೇ ಬಿಟ್ಟಿತು.